ಶಿಕಾಗೊದ ನಲ್ಲಿ ನೀರಿನ ಬಿಯರ್: ಕಪ್ಪು ಬಣ್ಣದ್ದು ಚೆನ್ನಾಗಿ ಬರುತ್ತದೆ, ತಿಳಿ ಬಣ್ಣದ್ದು ಯಾಕೆ ಕೈಕೊಡುತ್ತದೆ?

ಭಟ್ರ ಬ್ಯಾರೆಲ್

ಎಲ್ಲರಿಗೂ ನಮಸ್ಕಾರ. ಶಿಕಾಗೊದಲ್ಲಿದ್ದೇನೆ, ಮನೆಯಲ್ಲೇ ಬಿಯರ್ ಮಾಡುತ್ತೇನೆ, ಒಂದು ಸಲಕ್ಕೆ 19 ಲೀಟರ್. ಕಪ್ಪು ಬಣ್ಣದ ಸ್ಟೌಟ್, ಪೋರ್ಟರ್ ಮಾಡಿದರೆ ಬಂದವರು ಇನ್ನೊಂದು ಗ್ಲಾಸ್ ಕೇಳುತ್ತಾರೆ. ಅದೇ ಪೇಲ್ ಏಲ್ ಅಥವಾ ಪಿಲ್ಸ್ನರ್ ಕೊಟ್ಟರೆ "ಚೆನ್ನಾಗಿದೆ" ಅಂತ ಹೇಳಿ ಅರ್ಧ ಗ್ಲಾಸ್ ಸಿಂಕಿನ ಪಕ್ಕ ಇಟ್ಟು ಹೋಗುತ್ತಾರೆ. ತಿಳಿ ಬಣ್ಣದ್ದರಲ್ಲಿ ಕುಡಿದ ಮೇಲೆ ನಾಲಿಗೆ ಹಿಂದೆ ಒಗರು ಉಳಿಯುತ್ತದೆ, ಹಾಪ್ಸ್ (ಕಹಿಗೆ ಹಾಕುವ ಹೂ) ಕಹಿ ಒರಟಾಗಿ ಇರುತ್ತದೆ. ಅದರ ಜೊತೆಗೆ ಕೆಲವು ಸಲ ಬ್ಯಾಂಡೇಜ್ ವಾಸನೆ, ಆಸ್ಪತ್ರೆ ವಾಸನೆ ಅಂತಾರಲ್ಲ, ಅದು.

ಯೀಸ್ಟ್ ಬದಲಾಯಿಸಿ ನೋಡಿದೆ, ಪಾತ್ರೆಗಳನ್ನೆಲ್ಲ ಸ್ಯಾನಿಟೈಸರ್‌ನಲ್ಲಿ ಮುಳುಗಿಸಿ ತೆಗೆದೆ, ವ್ಯತ್ಯಾಸ ಇಲ್ಲ. ನೀರು ಮಾತ್ರ ನೇರ ನಲ್ಲಿಯಿಂದಲೇ. ಊರಿನ ವಾರ್ಷಿಕ ನೀರಿನ ವರದಿ ಇಳಿಸಿಕೊಂಡು ಓದಿದೆ. ಸೀಸ, ತಾಮ್ರ, ಬ್ಯಾಕ್ಟೀರಿಯಾ ಎಲ್ಲಾ ಇದೆ, ಬಿಯರ್‌ಗೆ ಬೇಕಾದ ಕ್ಯಾಲ್ಸಿಯಂ ಮಾತ್ರ ಕಾಣಲಿಲ್ಲ. ಒಬ್ಬರು ಜಿಪ್ಸಮ್ (ಕ್ಯಾಲ್ಸಿಯಂ ಸಲ್ಫೇಟ್) ಹಾಕು ಅಂತಾರೆ, ಇನ್ನೊಬ್ಬರು ಆರ್‌ಒ ನೀರು ಕೊಂಡುಕೋ ಅಂತಾರೆ. ಎಲ್ಲಿಂದ ಶುರು ಮಾಡಲಿ?

ಲ್ಯಾಬ್ ಅಕ್ಕ

ಭಟ್ರೇ, ನಿಮಗಿರುವುದು ಎರಡು ಬೇರೆ ಬೇರೆ ತೊಂದರೆ. ಎರಡನ್ನೂ ಒಂದೇ ಅಂತ ತಿಳಿದರೆ ಸುಮ್ನೆ ಸುತ್ತುತ್ತಾ ಇರುತ್ತೀರಿ.

ಬ್ಯಾಂಡೇಜ್ ವಾಸನೆ ಕ್ಲೋರಿನ್ ಕೆಲಸ ಇರಬಹುದು. ನೀರಿನ ಕ್ಲೋರಿನ್ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಕಾಳು) ಫೀನಾಲ್‌ಗಳ ಜೊತೆ ಸೇರಿ ಕ್ಲೋರೋಫೀನಾಲ್ ಆಗುತ್ತದೆ. ಅದನ್ನು ಮೂಗು ಹಿಡಿಯುವುದು ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು) ಲೆಕ್ಕದಲ್ಲಿ ಅಲ್ಲ, ನೂರು ಕೋಟಿ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ಗೊತ್ತಾಗುತ್ತದೆ. ಒಮ್ಮೆ ಆದ ಮೇಲೆ ಎಷ್ಟು ತಿಂಗಳು ಇಟ್ಟರೂ ಹೋಗುವುದಿಲ್ಲ. ಸ್ಟೌಟ್‌ನಲ್ಲೂ ಅದು ಇದ್ದೇ ಇರುತ್ತದೆ, ಸುಟ್ಟ ಮಾಲ್ಟಿನ ಘಾಟಿನಲ್ಲಿ ಅಡಗಿಕೊಂಡಿರುತ್ತದೆ ಅಷ್ಟೇ.

ಒಗರಿನ ಕತೆ ಬೇರೆ. ಅದಕ್ಕೆ ನಿಮ್ಮ ನೀರಿನ ಅಂಕಿ ಬೇಕು. ವಾರ್ಷಿಕ ವರದಿ ಬರೆಯುವುದು ಕುಡಿಯುವವರ ಆರೋಗ್ಯಕ್ಕೆ, ಬಿಯರ್ ಮಾಡುವವರಿಗೆ ಅಲ್ಲ, ಹಾಗಾಗಿ ಅದರಲ್ಲಿ ನಮಗೆ ಬೇಕಾದ್ದು ಇರಲೇಬೇಕು ಅಂತ ಇಲ್ಲ. ನಿಮ್ಮ ಊರಿಗೆ ನೀರು ಶುದ್ಧ ಮಾಡುವುದು ಎರಡು ಕಡೆ, ಜಾರ್ಡೀನ್ ಮತ್ತು ಸಾಯರ್. ಎರಡರದ್ದೂ ಸಂಪೂರ್ಣ ರಾಸಾಯನಿಕ ವಿಶ್ಲೇಷಣೆ ಅಂತ ಬೇರೆ ಪಟ್ಟಿ ಇರುತ್ತದೆ, ಅದನ್ನು ಹುಡುಕಿ. ಬೇಕಾದ್ದು ಆರೇ ಆರು: ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಸಲ್ಫೇಟ್, ಕ್ಲೋರೈಡ್, ಆಲ್ಕಲಿನಿಟಿ (ಆಮ್ಲವನ್ನು ತಡೆದು ನಿಲ್ಲಿಸುವ ಗುಣ). ಸಿಗದಿದ್ದರೆ ನೀರಿನ ಇಲಾಖೆಗೆ ಫೋನ್ ಮಾಡಿ ಲ್ಯಾಬಿನವರನ್ನು ಕೇಳಿ. ಬಿಯರ್ ಮಾಡುತ್ತೇನೆ ಅಂದರೆ ಅವರು ಖುಷಿಯಲ್ಲಿ ಮಾತಾಡುತ್ತಾರೆ, ನಮ್ಮ ಕೆಲಸದಲ್ಲಿ ಯಾರೂ ಫೋನ್ ಮಾಡಿ ಹೊಗಳುವುದಿಲ್ಲ ನೋಡಿ.

ಹಾಪ್ಸ್ ಹನುಮ

ಸ್ಯಾನ್ ಫ್ರಾನ್ಸಿಸ್ಕೊದಿಂದ. ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ: ನಿಮ್ಮ ಊರಿನಲ್ಲಿ ಹಾಕುವುದು ಕ್ಲೋರಿನ್ನಾ, ಕ್ಲೋರಮಿನ್ನಾ (ಕ್ಲೋರಿನ್ ಜೊತೆ ಅಮೋನಿಯ ಸೇರಿದ್ದು) ನೋಡಿಕೊಳ್ಳಿ. ಬರೀ ಕ್ಲೋರಿನ್ ಆದರೆ ಕುದಿಸಿದರೆ, ಅಥವಾ ರಾತ್ರಿ ತೆರೆದಿಟ್ಟರೆ ಬಹುಪಾಲು ಹಾರಿ ಹೋಗುತ್ತದೆ. ಕ್ಲೋರಮಿನ್ ಹಾಗೆ ಜಗ್ಗುವುದಿಲ್ಲ. ನಮ್ಮ ಊರು 2004ರಲ್ಲಿ ಕ್ಲೋರಮಿನ್‌ಗೆ ಬದಲಾಯಿತು, ಇಲ್ಲಿನ ಹಳೆಯ ಕೈಗಳು ಇವತ್ತಿಗೂ ಅದನ್ನು ಬೈಯುತ್ತಾರೆ.

ಎರಡಕ್ಕೂ ಒಂದೇ ಮದ್ದು, ಕ್ಯಾಂಪ್ಡನ್ ಮಾತ್ರೆ, ಅಂದರೆ ಮೆಟಾಬೈಸಲ್ಫೈಟ್. ಒಂದು ಮಾತ್ರೆ ಸುಮಾರು 75 ಲೀಟರ್ ನೀರಿಗೆ ಸಾಕು. ನಿಮಗೆ ಒಟ್ಟು 30 ಲೀಟರ್ ಬೇಕಾದರೆ ಅರ್ಧ ಮಾತ್ರೆ ಪುಡಿ ಮಾಡಿ ಹಾಕಿ, ಕಲಕಿ, ಕೆಲವು ನಿಮಿಷ ಬಿಡಿ. ಮ್ಯಾಶ್ ನೀರಿಗೆ (ಮಾಲ್ಟ್ ಕಾಳನ್ನು ನೆನೆಸಿಡುವ ಬಿಸಿ ನೀರು) ಮಾತ್ರ ಅಲ್ಲ, ಆಮೇಲೆ ಉಳಿದ ಸಕ್ಕರೆ ಇಳಿಸಲು ಕಾಳು ತೊಳೆಯುವ ನೀರಿಗೂ, ಕೊನೆಗೆ ಮಟ್ಟ ಸರಿಮಾಡಲು ಸುರಿಯುವ ನೀರಿಗೂ. ಇದೊಂದನ್ನು ನಾಳೆಯಿಂದಲೇ ಮಾಡಿ, ಮಿಕ್ಕ ಲೆಕ್ಕಾಚಾರ ಆಮೇಲೆ.

ಬರ್ಟನ್ ಭಕ್ತ

ಇಷ್ಟೆಲ್ಲಾ ಯಾಕೆ ಸ್ವಾಮಿ. ಪೇಲ್ ಏಲ್ ಹೆಸರು ಮಾಡಿದ್ದು ಇಂಗ್ಲೆಂಡಿನ ಬರ್ಟನ್‌ನಲ್ಲಿ. ಅಲ್ಲಿನ ನೀರಿನ ಪಟ್ಟಿ ಎಲ್ಲಾ ಆ್ಯಪ್‌ಗಳಲ್ಲೂ ಇದೆ. ಅದನ್ನು ಒತ್ತಿ, ಅದು ಹೇಳಿದಷ್ಟು ಉಪ್ಪು (ಅಡುಗೆಯದ್ದಲ್ಲ, ಜಿಪ್ಸಮ್ ಥರದ ಖನಿಜ) ಸುರಿಯಿರಿ, ಮುಗಿಯಿತು. ಪಿಲ್ಸ್ನರ್‌ಗೆ ಪಿಲ್ಸೆನ್ ಪಟ್ಟಿ, ಸ್ಟೌಟ್‌ಗೆ ಡಬ್ಲಿನ್ ಪಟ್ಟಿ. ನಾನು ಹಾಗೇ ಮಾಡುವುದು.

ಭಟ್ರ ಬ್ಯಾರೆಲ್

ಅಕ್ಕ, ಪಟ್ಟಿ ಸಿಕ್ಕಿತು. ತಿಂಗಳಿಂದ ತಿಂಗಳಿಗೆ ಸ್ವಲ್ಪ ಆಚೆಈಚೆ ಇದೆ, ಹೆಚ್ಚುಕಡಿಮೆ ಹೀಗೆ (ಎಲ್ಲಾ ಪಿಪಿಎಂ): ಕ್ಯಾಲ್ಸಿಯಂ 35, ಮೆಗ್ನೀಸಿಯಂ 12, ಸೋಡಿಯಂ 9, ಸಲ್ಫೇಟ್ 27, ಕ್ಲೋರೈಡ್ 15, ಆಲ್ಕಲಿನಿಟಿ 105. ಹಾಕುವುದು ಕ್ಲೋರಿನ್ ಅಂತ ಇದೆ. ಪಿಎಚ್ ಸುಮಾರು 7.7. ಈ ಪಿಎಚ್ ಜಾಸ್ತಿ ಆಯಿತಾ? ಅದನ್ನು 5.4ಕ್ಕೆ ಇಳಿಸಬೇಕಾ?

ಲ್ಯಾಬ್ ಅಕ್ಕ

ನಲ್ಲಿ ನೀರಿನ ಪಿಎಚ್ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಹನುಮನ ಊರಿನ ನೀರನ್ನೇ ನೋಡಿ. ಸಿಯೆರಾ ನೆವಾಡದ ಹಿಮ ಕರಗಿ ಹೆಚ್ ಹೆಚಿ ಜಲಾಶಯಕ್ಕೆ ಬರುವ ನೀರು, ಅದರಲ್ಲಿ ಖನಿಜವೇ ಕಡಿಮೆ. ಪೈಪ್ ಸವೆಯದಿರಲಿ ಅಂತ ಅದರ ಪಿಎಚ್ ಅನ್ನು 9ರ ಆಸುಪಾಸಿಗೆ ಏರಿಸಿ ಬಿಡುತ್ತಾರೆ. ಆದರೂ ಮಾಲ್ಟ್ ಬಿದ್ದ ತಕ್ಷಣ ಆ 9 ಮಾಯ. ಯಾಕೆಂದರೆ ಅದನ್ನು ಹಿಡಿದು ನಿಲ್ಲಿಸುವ ಆಲ್ಕಲಿನಿಟಿ ಅಲ್ಲಿ ಇಲ್ಲ. ನಿಮ್ಮ ನೀರಿನ ಪಿಎಚ್ 7.7 ಇದ್ದರೂ ಆಲ್ಕಲಿನಿಟಿ 105 ಇದೆ, ಅದು ಮ್ಯಾಶ್ ಪಿಎಚ್ ಇಳಿಯಲು ಬಿಡುವುದಿಲ್ಲ. ನಮಗೆ ಬೇಕಾದ್ದು ನೀರಿನ ಪಿಎಚ್ ಅಲ್ಲ, ಕಾಳು ಬೆರೆತ ಮೇಲಿನ ಪಿಎಚ್. ಅದು 5.2ರಿಂದ 5.6ರ ಒಳಗೆ ಇರಬೇಕು, ತಿಳಿ ಬಿಯರ್‌ಗೆ ನಾನು 5.3-5.4 ಹಿಡಿಯುತ್ತೇನೆ.

ಆಲ್ಕಲಿನಿಟಿಗೆ ಎದುರಾಗಿ ಕೆಲಸ ಮಾಡುವುದು ಕ್ಯಾಲ್ಸಿಯಂ, ಸ್ವಲ್ಪ ಮಟ್ಟಿಗೆ ಮೆಗ್ನೀಸಿಯಂ. ಅವು ಮಾಲ್ಟಿನ ಫಾಸ್ಫೇಟ್ ಜೊತೆ ಸೇರಿ ಆಮ್ಲ ಬಿಡಿಸುತ್ತವೆ. ಜರ್ಮನಿಯ ಕೋಲ್‌ಬಾಖ್ 1953ರಲ್ಲಿ ಇದನ್ನು ಲೆಕ್ಕಕ್ಕೆ ಇಳಿಸಿದರು. ಇದಕ್ಕೆ ಉಳಿಕೆ ಆಲ್ಕಲಿನಿಟಿ ಅನ್ನುತ್ತಾರೆ. ಪಿಪಿಎಂನಲ್ಲಿ ಹೇಳುವುದಾದರೆ, ಕ್ಯಾಲ್ಸಿಯಂ ಅನ್ನು 1.4ರಿಂದ, ಮೆಗ್ನೀಸಿಯಂ ಅನ್ನು 1.7ರಿಂದ ಭಾಗಿಸಿ, ಎರಡನ್ನೂ ಆಲ್ಕಲಿನಿಟಿಯಿಂದ ಕಳೆಯಿರಿ. ನಿಮ್ಮದು 105ರಲ್ಲಿ 25 ಹೋಯಿತು, 7 ಹೋಯಿತು, ಉಳಿದದ್ದು 73.

ಈ 73ರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಹುರಿದ, ಸುಟ್ಟ ಮಾಲ್ಟಿಗೆ ಸ್ವಂತ ಆಮ್ಲ ಇರುತ್ತದೆ. ಸ್ಟೌಟ್ ಮಾಡುವಾಗ ಅದು ಈ 73ನ್ನು ತಾನೇ ನುಂಗಿಕೊಂಡು ಪಿಎಚ್ ಸರಿಯಾದ ಜಾಗಕ್ಕೆ ಬರುತ್ತದೆ. ಬರೀ ತಿಳಿ ಮಾಲ್ಟಿಗೆ ಆ ಶಕ್ತಿ ಇಲ್ಲ. ಮ್ಯಾಶ್ ಪಿಎಚ್ 5.7, 5.8ರ ಹತ್ತಿರ ನಿಂತುಬಿಡುತ್ತದೆ. ಆಮೇಲೆ ಅದೇ ನೀರನ್ನು ಕಾಳು ತೊಳೆಯಲು ಸುರಿದಾಗ ಸಕ್ಕರೆ ಎಲ್ಲಾ ಇಳಿದು ಹೋಗಿರುತ್ತದೆ, ಪಿಎಚ್ ಇನ್ನೂ ಏರುತ್ತದೆ, ಸಿಪ್ಪೆಯ ಟ್ಯಾನಿನ್ ಬಿಡುತ್ತದೆ. ನಿಮ್ಮ ಒಗರು ಅದೇ. ಪಿಎಚ್ ಜಾಸ್ತಿ ಇದ್ದರೆ ಹಾಪ್ಸ್ ಕಹಿಯೂ ಒರಟಾಗುತ್ತದೆ.

ಥೇಮ್ಸ್ ತಿಮ್ಮ

ಭಟ್ರೇ, 105ಕ್ಕೇ ಹೀಗೆ ಅಂದರೆ ಲಂಡನ್‌ಗೆ ಬನ್ನಿ. ನಮ್ಮ ಏರಿಯಾದಲ್ಲಿ ಕ್ಯಾಲ್ಸಿಯಂ 115, ಆಲ್ಕಲಿನಿಟಿ 230ರ ಸುತ್ತ. ಕೆಟಲ್ ತಳದಲ್ಲಿ ಸುಣ್ಣ ಕಟ್ಟುತ್ತದೆ, ಟೀ ಮೇಲೆ ಪೊರೆ ಬರುತ್ತದೆ. ಊರಲ್ಲಿ ಬೋರ್ ನೀರಿನಲ್ಲಿ ಬೇಳೆ ಬೇಯದೆ ಅಮ್ಮ ಒಂದು ಚಿಟಿಕೆ ಸೋಡಾ ಹಾಕುತ್ತಿದ್ದರಲ್ಲ, ಅದೇ ಜಾತಿಯ ನೀರು. ಆದರೆ ಬಿಯರ್‌ಗೆ ಸೋಡಾ ಹಾಕಿದರೆ ಕೆಟ್ಟಿತು, ಇಲ್ಲಿ ಬೇಕಾದ್ದು ಉಲ್ಟಾ, ಆಮ್ಲ.

ಇಂಥ ನೀರಿಗೆ ಎರಡು ದಾರಿ. ಒಂದು ಕುದಿಸುವುದು. ಚೆನ್ನಾಗಿ ಕುದಿಸಿ, ಆರಲು ಬಿಟ್ಟರೆ ಬೈಕಾರ್ಬನೇಟ್ ಕ್ಯಾಲ್ಸಿಯಂ ಜೊತೆ ಸೇರಿ ಸುಣ್ಣದ ಪುಡಿಯಾಗಿ ತಳ ಸೇರುತ್ತದೆ, ಮೇಲಿನ ನೀರನ್ನು ಬಸಿದುಕೊಳ್ಳಬೇಕು. ಆದರೆ ಕ್ಯಾಲ್ಸಿಯಂ ಕೂಡ ಹೋಗುತ್ತದೆ, ಅದನ್ನು ಮತ್ತೆ ಜಿಪ್ಸಮ್ ರೂಪದಲ್ಲಿ ಹಾಕಬೇಕು. ಗ್ಯಾಸ್ ಬಿಲ್ ಬೇರೆ. ಇನ್ನೊಂದು, ಇಲ್ಲಿ ಹೋಮ್‌ಬ್ರೂ ಅಂಗಡಿಯಲ್ಲಿ ಸಿಆರ್‌ಎಸ್ ಅಂತ ಒಂದು ದ್ರಾವಣ ಸಿಗುತ್ತದೆ, ಹೈಡ್ರೋಕ್ಲೋರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲ ಬೆರೆಸಿದ್ದು. ಆಲ್ಕಲಿನಿಟಿ ಇಳಿಸಿ, ಬದಲಿಗೆ ಕ್ಲೋರೈಡ್ ಮತ್ತು ಸಲ್ಫೇಟ್ ಬಿಟ್ಟು ಹೋಗುತ್ತದೆ. ನಾನು ಅದನ್ನೇ ಹಾಕುವುದು. ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬೇಡಿ.

ಲ್ಯಾಬ್ ಅಕ್ಕ

ಈಗ ಬರ್ಟನ್ ಭಕ್ತರಿಗೆ. ನೀವು ಹೇಳಿದ್ದನ್ನು ನಾನು ಒಪ್ಪುವುದಿಲ್ಲ.

ಬರ್ಟನ್ ಬಾವಿ ನೀರಿನಲ್ಲಿ ಜಿಪ್ಸಮ್ ತುಂಬಿದೆ, ಸಲ್ಫೇಟ್ 600ರ ಮೇಲೆ ಹೋಗುತ್ತದೆ, ಅದು ನಿಜ. ಆದರೆ ಆ ಪಟ್ಟಿಗಳಲ್ಲಿ ಇರುವುದು ನೆಲದಿಂದ ಬಂದ ನೀರು. ಅಲ್ಲಿನವರು ಅದಕ್ಕೆ ಕುದಿಸಿ, ಬೆರೆಸಿ ಏನೇನು ಮಾಡಿ ಪಾತ್ರೆಗೆ ಹಾಕಿದರು ಅನ್ನುವುದು ಪಟ್ಟಿಯಲ್ಲಿ ಇಲ್ಲ. ಡಬ್ಲಿನ್ ಕತೆ ಇನ್ನೂ ತಮಾಷೆ. ಗಡಸು ನೀರಿಂದಲೇ ಸ್ಟೌಟ್ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಗಿನ್ನೆಸ್‌ಗೆ ನೀರು ಬರುವುದು ವಿಕ್ಲೋ ಬೆಟ್ಟಗಳಿಂದ, ಅದು ಮೆದು ನೀರು. ಡಬ್ಲಿನ್ ಪಟ್ಟಿ ನೋಡಿಕೊಂಡು ಬೈಕಾರ್ಬನೇಟ್ 300 ಏರಿಸಿ ಕುಳಿತವರ ಸ್ಟೌಟ್ ಸಪ್ಪೆಯಾಗುತ್ತದೆ. ಪಿಲ್ಸೆನ್ ನೀರು ಮಾತ್ರ ನಿಜಕ್ಕೂ ಮೆದು, ಕ್ಯಾಲ್ಸಿಯಂ 10ರ ಹತ್ತಿರ.

ಊರಿನ ಹೆಸರು ಬಿಡಿ. ಮ್ಯಾಶ್ ಪಿಎಚ್ ಸರಿ ಮಾಡಿ, ಆಮೇಲೆ ರುಚಿಗೆ ಸಲ್ಫೇಟ್ ಬೇಕೋ ಕ್ಲೋರೈಡ್ ಬೇಕೋ ನೋಡಿ.

ಬರ್ಟನ್ ಭಕ್ತ

ನನ್ನ ಬಿಯರ್ ಕುಡಿದವರು ಯಾರೂ ದೂರು ಹೇಳಿಲ್ಲ ಅಕ್ಕ. ಸಲ್ಫೇಟ್ 600 ಇದ್ದರೆ ಆ ಒಣ ಕಹಿ ಬರುವುದೇ ಬೇರೆ.

ಹಾಪ್ಸ್ ಹನುಮ

ಗುರುವೇ, ಕೊಟ್ಟ ಬಿಯರ್‌ಗೆ ಎದುರಿಗೆ ಯಾರು ದೂರು ಹೇಳುತ್ತಾರೆ. ಭಟ್ರ ನೆಂಟರೂ "ಚೆನ್ನಾಗಿದೆ" ಅಂದೇ ಹೋಗಿದ್ದು.

ಟ್ಯಾಂಕರ್ ನೀರು

ಬೆಂಗಳೂರಿನಿಂದ. ಒಂದು ಮೈಕ್ರೋಬ್ರೂವರಿಯಲ್ಲಿ ಕೆಲಸ. ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಮನೆಯಲ್ಲಿ ಮಾಡುವಂತಿಲ್ಲ, ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. ಅಮೆರಿಕದಲ್ಲಿ 1978ರಲ್ಲೇ ಕಾನೂನು ಬದಲಾಯಿತು, ಇಂಗ್ಲೆಂಡಿನಲ್ಲಿ 1963ರಲ್ಲಿ, ನೀವು ಪುಣ್ಯವಂತರು.

ನಿಮ್ಮ ಚರ್ಚೆ ಓದುತ್ತಾ ಹೊಟ್ಟೆ ಉರಿಯಿತು. ನಿಮಗೆಲ್ಲಾ ಒಂದೇ ನಲ್ಲಿ, ಒಂದೇ ನೀರು. ನಮಗೆ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಪಂಪ್ ಆಗಿ ಬರುತ್ತದೆ, ಅದು ಪರವಾಗಿಲ್ಲ. ಅದು ಸಾಲದ ದಿನ ಟ್ಯಾಂಕರ್. ಒಂದೊಂದು ಟ್ಯಾಂಕರ್ ಒಂದೊಂದು ಬೋರ್‌ವೆಲ್. ಬೆಳಗ್ಗೆ ಬಂದದ್ದರ ಗಡಸುತನ ಬೇರೆ, ಸಂಜೆ ಬಂದದ್ದು ಬೇರೆ. 2024ರ ಬೇಸಿಗೆಯಲ್ಲಿ ನೀರಿಗೆ ಪರದಾಟ ಆಗಿತ್ತಲ್ಲ, ಆಗ ಬಂದ ನೀರು ಬರಲಿ ಅನ್ನುವ ಸ್ಥಿತಿ. ಭಾರತೀಯ ಮಾನಕ ಬೇರೆ ನೀರು ಸಿಗದಿದ್ದರೆ 600 ಪಿಪಿಎಂ ಗಡಸುತನದ ತನಕವೂ ಕುಡಿಯಬಹುದು ಅನ್ನುತ್ತದೆ. ಕುಡಿಯಬಹುದು ಸರಿ, ಬಿಯರ್ ಮಾಡಲು ಆಗಲ್ಲ.

ಅದಕ್ಕೇ ನಾವು ಎಲ್ಲವನ್ನೂ ಆರ್‌ಒಗೆ ಹಾಕಿ ಬೋಳಾಗಿಸಿ, ಆಮೇಲೆ ಉಪ್ಪು ಕೂಡಿಸುತ್ತೇವೆ. ಯಾವ ನೀರು ಬಂದರೂ ಶುರು ಮಾಡುವುದು ಸೊನ್ನೆಯಿಂದ. ಆದರೆ ಆರ್‌ಒ ಬಿಡುವ ವೇಸ್ಟ್ ನೀರು ನೋಡಿದರೆ ಸಂಕಟ ಆಗುತ್ತದೆ, ನೆಲ ತೊಳೆಯಲು, ಟಾಯ್ಲೆಟ್‌ಗೆ ಬಳಸುತ್ತೇವೆ. ಮಿಷಿಗನ್ ಸರೋವರದಂಥ ನೀರು ಇಟ್ಟುಕೊಂಡು ಆರ್‌ಒ ಕೊಳ್ಳುವುದು ನನ್ನ ಪ್ರಕಾರ ದಂಡ.

ಭಟ್ರ ಬ್ಯಾರೆಲ್

ಸರಿ, ಆರ್‌ಒ ಬೇಡ. ಮುಂದಿನ ವಾರ ಪೇಲ್ ಏಲ್ ಇದೆ. ನಾಲ್ಕೂವರೆ ಕಿಲೋ ಮಾಲ್ಟ್, ಒಟ್ಟು ನೀರು 30 ಲೀಟರ್, ಅದರಲ್ಲಿ 17 ಮ್ಯಾಶ್‌ಗೆ, 13 ತೊಳೆಯಲು. ಗ್ರಾಂ ಲೆಕ್ಕದಲ್ಲಿ ಹೇಳಿ ಅಕ್ಕ.

ಲ್ಯಾಬ್ ಅಕ್ಕ

ಈ ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳಿ. 10 ಲೀಟರ್‌ಗೆ 1 ಗ್ರಾಂ ಜಿಪ್ಸಮ್ ಹಾಕಿದರೆ ಕ್ಯಾಲ್ಸಿಯಂ 23, ಸಲ್ಫೇಟ್ 56 ಏರುತ್ತದೆ. ಅದೇ 1 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಆದರೆ ಕ್ಯಾಲ್ಸಿಯಂ 27, ಕ್ಲೋರೈಡ್ 48. ಸಲ್ಫೇಟ್ ಬಿಯರನ್ನು ಒಣಗಿಸುತ್ತದೆ, ಕಹಿ ಚುರುಕಾಗುತ್ತದೆ. ಕ್ಲೋರೈಡ್ ಬಾಯಿ ತುಂಬಿಸುತ್ತದೆ, ಮಾಲ್ಟ್ ಮುಂದೆ ಬರುತ್ತದೆ.

30 ಲೀಟರ್‌ಗೆ ಮೊದಲು ಅರ್ಧ ಕ್ಯಾಂಪ್ಡನ್. ಆಮೇಲೆ ಜಿಪ್ಸಮ್ 6 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ 3 ಗ್ರಾಂ. ಕ್ಯಾಲ್ಸಿಯಂ ಸುಮಾರು 109, ಸಲ್ಫೇಟ್ 139, ಕ್ಲೋರೈಡ್ 63 ಆಗುತ್ತದೆ. ಈಗ ಉಳಿಕೆ ಆಲ್ಕಲಿನಿಟಿ ಮತ್ತೆ ಲೆಕ್ಕ ಹಾಕಿ: 105ರಲ್ಲಿ 78, ಮತ್ತೆ 7, ಉಳಿದದ್ದು 20. ಆಮ್ಲ ಮುಟ್ಟದೆಯೇ 73 ಇದ್ದದ್ದು 20ಕ್ಕೆ ಇಳಿಯಿತು.

ಬರೀ ತಿಳಿ ಮಾಲ್ಟಿಗೆ ಇದೂ ಸ್ವಲ್ಪ ಜಾಸ್ತಿಯೇ. ಮ್ಯಾಶ್‌ಗೆ 88 ಶೇಕಡಾ ಲ್ಯಾಕ್ಟಿಕ್ ಆಮ್ಲ 2 ಮಿಲಿಲೀಟರ್ ಹಾಕಿ, ಹತ್ತು ಹದಿನೈದು ನಿಮಿಷ ಬಿಟ್ಟು ಅಳೆಯಿರಿ, 5.4ಕ್ಕಿಂತ ಮೇಲಿದ್ದರೆ ಇನ್ನೊಂದು ಮಿಲಿಲೀಟರ್. ಅಳೆಯುವ ಮೊದಲು ಸ್ಯಾಂಪಲ್ ಅನ್ನು ಕೋಣೆಯ ಬಿಸಿಗೆ ಆರಿಸಿ. ಬಿಸಿಯಲ್ಲಿ ಅಳೆದರೆ ಪಿಎಚ್ 0.2, 0.3 ಕಡಿಮೆ ತೋರಿಸುತ್ತದೆ, ಮೀಟರಿನ ಆಯುಷ್ಯವೂ ಹಾಳು. ತೊಳೆಯುವ 13 ಲೀಟರ್‌ಗೂ ಸುಮಾರು 2 ಮಿಲಿಲೀಟರ್ ಆಮ್ಲ ಹಾಕಿ. ನಿಮ್ಮ ಒಗರು ಹೋಗುವುದು ಮುಖ್ಯವಾಗಿ ಇದರಿಂದ, ಇದನ್ನು ಮಾತ್ರ ಬಿಡಬೇಡಿ. ಒಟ್ಟು 5 ಮಿಲಿಲೀಟರ್ ಆದರೂ 19 ಲೀಟರ್‌ನಲ್ಲಿ ಹುಳಿ ಗೊತ್ತಾಗುವುದಿಲ್ಲ. ತಿಮ್ಮನ 230ರ ನೀರಿಗೆ ಪೂರ್ತಿ ಲ್ಯಾಕ್ಟಿಕ್ಕನ್ನೇ ಸುರಿದರೆ ಗೊತ್ತಾಗುತ್ತದೆ.

ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಬಿಗಿಯಾಗಿ ಮುಚ್ಚಿಡಿ. ಗಾಳಿಯ ತೇವ ಹೀರಿ ಒದ್ದೆಯಾದರೆ ನೀವು ತೂಗುವುದು ನೀರನ್ನು. ತೂಕದ ಮಷೀನ್ 0.1 ಗ್ರಾಂ ತೋರಿಸುವಂಥದ್ದು ಇರಲಿ, ಅಡುಗೆಮನೆಯದ್ದು ಬೇಡ.

ಹೊಸಬ

ನಡುವೆ ಬಂದೆ, ಕ್ಷಮಿಸಿ. ಟೆಕ್ಸಾಸ್‌ನಲ್ಲಿದ್ದೇನೆ, ಮನೆಗೆ ವಾಟರ್ ಸಾಫ್ಟನರ್ ಇದೆ. ಹಾಗಾದರೆ ನನ್ನದು ಪಿಲ್ಸೆನ್ ಥರ ಮೆದು ನೀರು ಅಲ್ವಾ? ಟಿಡಿಎಸ್ ಮೀಟರ್ ಮಾತ್ರ 400 ತೋರಿಸುತ್ತದೆ. ನಾನು ಇನ್ನೂ ಎಕ್ಸ್‌ಟ್ರಾಕ್ಟ್‌ನಲ್ಲೇ ಮಾಡುವುದು.

ಹಾಪ್ಸ್ ಹನುಮ

ಅಲ್ಲ ಮಾರಾಯ. ಸಾಫ್ಟನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಿತ್ತುಕೊಂಡು ಸೋಡಿಯಂ ಕೊಡುತ್ತದೆ. ಆಲ್ಕಲಿನಿಟಿ ಇದ್ದಷ್ಟೇ ಇರುತ್ತದೆ. ಅಂದರೆ ನಮಗೆ ಬೇಕಾದ್ದು ಹೋಯಿತು, ಬೇಡದ್ದು ಉಳಿಯಿತು, ಮೇಲೆ ಸೋಡಿಯಂ. ತೋಟಕ್ಕೆ ನೀರು ಬಿಡುವ ಹೊರಗಿನ ನಲ್ಲಿಗೆ ಎಷ್ಟೋ ಮನೆಗಳಲ್ಲಿ ಸಾಫ್ಟನರ್ ಸೇರಿಸಿರುವುದಿಲ್ಲ, ನಿಮ್ಮದರಲ್ಲಿ ಹೇಗಿದೆ ನೋಡಿ. ಹಿಡಿಯುವಾಗ ಕುಡಿಯುವ ನೀರಿನ ಪೈಪ್ ಬಳಸಿ, ತೋಟದ ರಬ್ಬರ್ ಪೈಪ್ ಬೇಡ.

ಟಿಡಿಎಸ್ ಮೀಟರ್ ಒಟ್ಟು ಎಷ್ಟು ಕರಗಿದೆ ಅಂತ ಹೇಳುತ್ತದೆ, ಏನು ಕರಗಿದೆ ಅಂತ ಹೇಳುವುದಿಲ್ಲ. ಆರ್‌ಒ ಫಿಲ್ಟರ್ ಸತ್ತಿದೆಯೋ ಇಲ್ಲವೋ ನೋಡಲು ಒಳ್ಳೆಯದು. ನೀರು ತಿಳಿಯಬೇಕಾದರೆ ಅಕ್ವೇರಿಯಂ ಅಂಗಡಿಯ ಕೆಎಚ್ (ಆಲ್ಕಲಿನಿಟಿ), ಜಿಎಚ್ (ಗಡಸುತನ) ಅಳೆಯುವ ಕಿಟ್ ತನ್ನಿ. ಕೆಎಚ್ ಡಿಗ್ರಿಯನ್ನು 17.9ರಿಂದ ಗುಣಿಸಿದರೆ ಆಲ್ಕಲಿನಿಟಿ ಪಿಪಿಎಂನಲ್ಲಿ ಬರುತ್ತದೆ.

ಮತ್ತೆ ಎಕ್ಸ್‌ಟ್ರಾಕ್ಟ್ ಆದರೆ ಇದ್ಯಾವುದೂ ಈಗ ಬೇಡ. ಮ್ಯಾಶ್ ಕೆಲಸ ಫ್ಯಾಕ್ಟರಿಯಲ್ಲೇ ಆಗಿರುತ್ತದೆ, ಅಲ್ಲಿನ ನೀರಿನ ಖನಿಜವೂ ಅದರೊಳಗೇ ಇರುತ್ತದೆ. ಕ್ಲೋರಿನ್ ತೆಗೆದರೆ ಸಾಕು.

ಲ್ಯಾಬ್ ಅಕ್ಕ

ಹೊಸಬರೇ, ನಲ್ಲಿ ನೀರನ್ನು ಲ್ಯಾಬಿಗೆ ಕಳಿಸುವುದಾದರೆ ಒಂದು ಎಚ್ಚರಿಕೆ. ಕೆಲವು ಲ್ಯಾಬ್ ವರದಿಯಲ್ಲಿ ಸಲ್ಫೇಟ್ ಅನ್ನು ಸಲ್ಫರ್ ಲೆಕ್ಕದಲ್ಲಿ ಬರೆದಿರುತ್ತಾರೆ. ನೆಬ್ರಾಸ್ಕಾದ ವಾರ್ಡ್ ಲ್ಯಾಬ್ ವರದಿಯೂ ಹಾಗೇ. ಅದನ್ನು 3ರಿಂದ ಗುಣಿಸಬೇಕು, ಇಲ್ಲದಿದ್ದರೆ 9 ಅಂತ ಓದಿ 27 ಇರುವ ನೀರಿಗೆ ಜಾಸ್ತಿ ಜಿಪ್ಸಮ್ ಸುರಿಯುತ್ತೀರಿ. ಹಾಗೆಯೇ ಆಲ್ಕಲಿನಿಟಿ ಮತ್ತು ಬೈಕಾರ್ಬನೇಟ್ ಒಂದೇ ಅಂಕಿ ಅಲ್ಲ, ಮೊದಲನೆಯದನ್ನು 1.22ರಿಂದ ಗುಣಿಸಿದರೆ ಎರಡನೆಯದು.

ಭಟ್ರ ಬ್ಯಾರೆಲ್

ಪೇಲ್ ಏಲ್ ಕೆಗ್‌ನಿಂದ ಇವತ್ತು ತೆಗೆದೆ. ಅಕ್ಕ ಹೇಳಿದಷ್ಟೇ ಹಾಕಿದೆ, ಆಮ್ಲ ಮ್ಯಾಶ್‌ಗೆ ಒಟ್ಟು 3 ಮಿಲಿಲೀಟರ್ ಹಿಡಿಯಿತು, ಪಿಎಚ್ 5.4ಕ್ಕೆ ಬಂತು. ಬ್ಯಾಂಡೇಜ್ ವಾಸನೆ ಇಲ್ಲ. ಒಗರು ಇಲ್ಲ. ಹೆಂಡತಿ ಕೇಳದೆಯೇ ಇನ್ನರ್ಧ ಗ್ಲಾಸ್ ಹಾಕಿಕೊಂಡಳು. ಆದರೆ ಕಹಿ ಇನ್ನೂ ಸ್ವಲ್ಪ ಚುರುಕಾಗಿ ಇರಬಹುದಿತ್ತು ಅನ್ನಿಸುತ್ತದೆ. ಮುಂದಿನ ಸಲ ಜಿಪ್ಸಮ್ ಏರಿಸಲಾ? (ಭಕ್ತರೇ, 600 ಅನ್ನಬೇಡಿ.)

ಬರ್ಟನ್ ಭಕ್ತ

300 ಅನ್ನುತ್ತೇನೆ. ಅದಕ್ಕಿಂತ ಕೆಳಗೆ ಇಳಿಯಲ್ಲ.

ಥೇಮ್ಸ್ ತಿಮ್ಮ

ಇಷ್ಟು ಇಳಿದದ್ದೇ ದೊಡ್ಡದು.

ಹಾಪ್ಸ್ ಹನುಮ

ಭಟ್ರೇ, ಮುಂದಿನ ಸಲದ ತನಕ ಯಾಕೆ ಕಾಯುತ್ತೀರಿ, ಗ್ಲಾಸಿನಲ್ಲೇ ನೋಡಿ. ಜಿಪ್ಸಮ್ ನೀರಲ್ಲಿ ಸರಿಯಾಗಿ ಕರಗುವುದಿಲ್ಲ, ಲೀಟರ್‌ಗೆ ಎರಡು ಗ್ರಾಂ ಕರಗಿದರೆ ಹೆಚ್ಚು, ಅದಕ್ಕೆ ಈ ಪರೀಕ್ಷೆಗೆ ಎಪ್ಸಮ್ ಉಪ್ಪು ತೆಗೆದುಕೊಳ್ಳಿ, ತಿನ್ನಲು ಯೋಗ್ಯ ಅಂತ ಬರೆದಿರುವಂಥದ್ದು. 1 ಗ್ರಾಂ ಅನ್ನು 100 ಮಿಲಿಲೀಟರ್ ನೀರಲ್ಲಿ ಕರಗಿಸಿ. ಅದರಲ್ಲಿ 5 ಮಿಲಿಲೀಟರ್ ಅನ್ನು 250 ಮಿಲಿಲೀಟರ್ ಬಿಯರ್‌ಗೆ ಹಾಕಿದರೆ ಸಲ್ಫೇಟ್ 75ರಷ್ಟು ಏರುತ್ತದೆ. ಇನ್ನೊಂದು ಗ್ಲಾಸಿಗೆ ಅದೇ ರೀತಿ ಕ್ಯಾಲ್ಸಿಯಂ ಕ್ಲೋರೈಡ್, ಮೂರನೆಯದಕ್ಕೆ ಬರೀ ನೀರು 5 ಮಿಲಿಲೀಟರ್. ಯಾವುದು ಯಾವುದು ಅಂತ ನಿಮಗೆ ಹೇಳದೆ ಮನೆಯವರ ಕೈಯಲ್ಲಿ ಕೊಡಿಸಿಕೊಂಡು ಕುಡಿಯಿರಿ. ಸಲ್ಫೇಟ್ ಗ್ಲಾಸ್ ಇಷ್ಟ ಆದರೆ ಮುಂದಿನ ಸಲ 30 ಲೀಟರ್‌ಗೆ ಜಿಪ್ಸಮ್ 10 ಗ್ರಾಂ ಮಾಡಿ, ಕ್ಯಾಲ್ಸಿಯಂ ಜಾಸ್ತಿ ಆಗುವುದರಿಂದ ಆಮ್ಲ ಸ್ವಲ್ಪ ಕಡಿಮೆ ಸಾಕಾಗುತ್ತದೆ. ನೀರಿನ ಗ್ಲಾಸೇ ಇಷ್ಟ ಆದರೆ ಏನೂ ಬದಲಾಯಿಸಬೇಡಿ.